ಸೆಮಿಸಿ ಮೇಷ್ಟ್ರ ವೇಷದಲ್ಲಿ ಅಪ್ಪ

ಮೊಟುಹಿನಾ ದ್ವೀಪ, ಟೋಂಗಾ
ಮೇ ೧೪, ಮಂಗಳವಾರ

ಮುದ್ದಿನ ಮಗ ಸೆಮಿಸಿ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಆಸ್ಟ್ರೇಲಿಯದ ಚಳಿಗೆ ಕಾಲುಚೀಲ ಹಾಕಿಕೊಂಡೇ ಮಲಗು. ಕಿತ್ತಳೆ ಕೀಳುವಾಗ ಏಣಿಯ ತುದಿಯವರೆಗೆ ಹತ್ತಬೇಡ. ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಆದರೆ ನಿನ್ನೆ ನಡೆದದ್ದೇ ಬೇರೆ. ಕೂತುಕೊಂಡು ಓದು.

ಮೇಷ್ಟ್ರುಗಳ ಪಾಠ ಸುಧಾರಿಸಬೇಕೆಂದು ಸರ್ಕಾರ ಹೊಸ ಯೋಜನೆ ತಂದಿದೆಯಲ್ಲ, ಅದರ ಇನ್ಸ್‌ಪೆಕ್ಟರು ನಿನ್ನೆ ದೋಣಿಯಿಳಿದು ಬಂದೇಬಿಟ್ಟ. ಕಿತಿಯೋನ ಅಂತ ಹೆಸರು, ನಿನ್ನ ವಯಸ್ಸಿನವನೇ. ಪ್ರತಿ ತರಗತಿಯಲ್ಲೂ ಹಿಂದೆ ಕೂತು ಪಾಠ ನೋಡಿ, ತಪ್ಪಿದ್ದಲ್ಲಿ ತಿದ್ದಿ ಹೇಳಿಕೊಡುವುದು ಅವನ ಕೆಲಸ. ಮೇಷ್ಟ್ರೇ ಇಲ್ಲದಿದ್ದರೆ ಆ ಮೇಷ್ಟ್ರ ಕೆಲಸ ಹೋಯಿತು. ಹೆಡ್‌ಮಾಸ್ಟರು ಬೆವರು ಒರೆಸಿಕೊಳ್ಳುತ್ತಾ ನಮ್ಮ ಮನೆಗೆ ಓಡಿ ಬಂದು, "ಮೆಲೆನೈತೆ ಅಕ್ಕಾ, ನಿಮ್ಮ ಮಗ ಪಾಠ ಬಿಟ್ಟು ಹಣ್ಣು ಕೀಳೋಕೆ ಹೋಗಿದಾನೆ ಅಂತ ಹೆಂಗ್ ಹೇಳ್ಲಿ?" ಎಂದರು. ಅತಿಥಿ ಕೇಳಿದ್ದನ್ನು ಇಲ್ಲ ಎನ್ನುವ ರೂಢಿ ನಮ್ಮೂರಲ್ಲಿ ಎಲ್ಲಿದೆ? ನಿಮ್ಮಪ್ಪ ಎದ್ದು, "ಯಾಕೆ ಹೇಳ್ಬೇಕು? ಸೆಮಿಸಿ ಇದಾನೆ. ನಾನೇ!" ಎಂದವರು ನಿನ್ನ ಟೈ ಬಿಗಿದು, ದೊಡ್ಡವರ ಎದುರು ಹೋಗುವಾಗ ಸುತ್ತುವ ಚಾಪೆಯನ್ನೂ ಸೊಂಟಕ್ಕೆ ಸುತ್ತಿ ಹೊರಟೇಬಿಟ್ಟರು. ಮುಂದಿನ ಹಲ್ಲಿಲ್ಲದ, ಮೊಮ್ಮಕ್ಕಳ ಅಜ್ಜ! ನಾಚಿಕೆಯಿಂದ ನನಗೆ ನೆಲಕ್ಕಿಳಿದು ಹೋಗುವಂತಾಯಿತು.

ಊಟದ ಬುಟ್ಟಿ ಹಿಡಿದು ನಾನು ಕಿಟಕಿಯ ಹೊರಗೇ ನಿಂತಿದ್ದೆ. ಕಿತಿಯೋನ ಕೈಲಿದ್ದ ಕಾಗದ ನೋಡಿದ, ನಿಮ್ಮಪ್ಪನ ಮುಖ ನೋಡಿದ. "ಇದರಲ್ಲಿ ಇಪ್ಪತ್ತೊಂಬತ್ತು ವರ್ಷ ಅಂತಿದೆಯಲ್ಲ..." ಎಂದು ಮೆಲ್ಲಗೆ ರಾಗ ಎಳೆದ. ನಿಮ್ಮಪ್ಪ ಕಣ್ಣು ಮಿಟುಕಿಸದೆ, "ಈ ಮಕ್ಕಳಿಗೆ ಒಂದು ವರ್ಷ ಪಾಠ ಹೇಳಿ ನೋಡು, ನೀನೂ ಹೀಗೇ ಆಗ್ತೀಯ" ಎಂದರು. ಪಾಪ, ಒಳ್ಳೆಯ ಮನೆಯ ಹುಡುಗ, ಹಿರಿಯರಿಗೆ ಎದುರಾಡಿ ಗೊತ್ತಿಲ್ಲ. ತಲೆ ತಗ್ಗಿಸಿ ಹಿಂದೆ ಹೋಗಿ ಕೂತ. ನನಗೆ ನಗು ತಡೆಯಲಾಗಲಿಲ್ಲ, ಸುಳ್ಳೇಕೆ ಹೇಳಲಿ.

ಆಮೇಲೆ ಅವನು ನಿನ್ನ ಅಕ್ಕನ ಮಗಳು ಲೋಸಾಳನ್ನು ಓದಲು ಎಬ್ಬಿಸಿದ. ಒಂದು ಪುಟ ಗಡಗಡ ಒಪ್ಪಿಸಿದಳು, ನಾನು ಬೀಗಿದೆ. ಅವನು ಮುಂದಿನ ಪುಟ ತಿರುವಿದ. ಮಗು ಗಪ್‌ಚಿಪ್. ಮತ್ತೆ ಕೇಳಿದ್ದಕ್ಕೆ, "ಸೆಮಿಸಿ ಮಾವ ಇಲ್ಲೀವರೆಗೆ ಹೇಳ್ಕೊಟ್ಟು ಹೊರಟುಹೋದ್ರು" ಎಂದಳು! ಸೆಮಿಸಿ ಮಾವನ ಟೈ ಕಟ್ಟಿಕೊಂಡ ಅಜ್ಜ ಎದುರಿಗೇ ನಿಂತಿದ್ದಾರೆ. ಯಾವಾಗಲೂ ಮಾತಿಗೊಂದು ಮಾತು ಜೋಡಿಸುವ ನಿಮ್ಮಪ್ಪ ಟೈ ಸಡಿಲಿಸಿ ಕಿಟಕಿಯ ಕಡೆ ತಿರುಗಿದರು. ಕೇಳು ಮಗನೇ. ಇಷ್ಟು ತಿಂಗಳು ಮಗು ಅದೊಂದೇ ಪುಟ ಓದುತ್ತಿತ್ತು, ನಾನು ಚೆನ್ನಾಗಿ ಓದುತ್ತಾಳೆ ಎಂದು ಊರಿಗೆಲ್ಲ ಹೇಳುತ್ತಿದ್ದೆ.

ಕಿತಿಯೋನ ಪುಸ್ತಕ ಮುಚ್ಚಿ ತನ್ನ ಕಾಗದದಲ್ಲಿ ಏನೋ ಗೀಚಿಕೊಂಡ. ಹಂದಿ ಸುಟ್ಟು ಬಡಿಸಿದರೂ ಸರಿಯಾಗಿ ತಿನ್ನಲಿಲ್ಲ. ನಿನ್ನ ಕೆಲಸ ಉಳಿಯಿತೋ ಹೋಯಿತೋ ತಿಳಿಯದು. ಈಗ ದೋಣಿಗೆ ಹೊರಟಿದ್ದಾನೆ, ಈ ಕಾಗದ ಅವನ ಕೈಲೇ ರಾಜಧಾನಿಯ ಟಪಾಲಿಗೆ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಭಾನುವಾರ ಚರ್ಚು ತಪ್ಪಿಸಬೇಡ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಮ್ಮ,
ಮೆಲೆನೈತೆ

ಮರೆತದ್ದು: ದಡದಲ್ಲಿ ನಿಂತು, ಕಿತಿಯೋನನ ಬೆನ್ನಿನ ಮೇಲೇ ಕಾಗದವಿಟ್ಟು ಬರೆಯುತ್ತಿದ್ದೇನೆ. ಟಪಾಲಿಗೆ ಹಾಕು ಎಂದರೆ, ಲಕೋಟೆಯ ಮೇಲಿನ ವಿಳಾಸ ನೋಡಿ, "ಟಪಾಲು ಯಾಕಮ್ಮಾ? ನಾನೇ ಕೊಡ್ತೀನಿ. ಇದು ನನ್ನ ಕೊನೇ ಶಾಲೆ, ಮುಂದಿನ ವಾರ ನಾನೂ ಅದೇ ತೋಟಕ್ಕೆ ಹೊರಟಿದೀನಿ" ಎನ್ನುತ್ತಾನೆ! ಈ ಕಾಗದ ಕೊಟ್ಟು ನಿನ್ನ ಎದುರಿಗೆ ನಿಂತಿರುವವನೇ ಕಿತಿಯೋನ. ನಿಮ್ಮಪ್ಪನಿಗೆ ಕೆಮ್ಮು, ಇವತ್ತು ಶಾಲೆಗೆ ಹೋಗಿಲ್ಲ. ಮಕ್ಕಳು ಬಂದು ಸುಮ್ಮನೆ ಕೂತಿವೆ. ಏಣಿ ಅವನ ಕೈಗೆ ಕೊಟ್ಟು ನೀನು ಇಳಿದು ಊರಿಗೆ ಬಾ.