ನೆಲಮಾಳಿಗೆಗೆ ಇಳಿದ ತಾಯಿ

ಮಗಳೇ,

ನೀನು ಕಥೆ ಬರೆದ ಸಿನಿಮಾ ನೋಡಿದೆ. ಬೀಗ ಹಾಕಿದ ಮಂದಿರಕ್ಕೆ ನುಗ್ಗಿ ಗುರುಗಳನ್ನು ಕೊಂದವರು ಯಾರು, ಪವಿತ್ರ ಗ್ರಂಥ ಕದ್ದದ್ದು ಯಾಕೆ, ಒಂದೂ ತಿಳಿಯಲಿಲ್ಲ. ಅದು ಹಾಳಾಗಲಿ. ನಾಯಕಿಯ ತಾಯಿ ದೀಪ ಹಿಡಿದು ನೆಲಮಾಳಿಗೆಗೆ ಇಳಿದಳಲ್ಲ, ಆಮೇಲೆ ಏನಾದಳು? ಮಗಳು ಕೊನೆಯವರೆಗೂ ಅವಳನ್ನು ಹುಡುಕಲಿಲ್ಲ.

"ಬಿಡಮ್ಮ, ಅಕ್ಕ ಮರೆತಿರ್ತಾಳೆ," ಎಂದು ನಿನ್ನ ತಮ್ಮ ನಕ್ಕ. ನೀನು ಮರೆಯುವವಳಲ್ಲ. ಆ ತಾಯಿಗೆ ನನ್ನ ಕನ್ನಡಕ, ನನ್ನ ಬೈಗುಳ ಎಲ್ಲ ಕೊಟ್ಟಿದ್ದೀಯ. ಸಿನಿಮಾ ನೋಡಿದಂದಿನಿಂದ ನನಗೆ ಅವಳದೇ ಯೋಚನೆ, ಒಲೆಯ ಮೇಲೆ ಹಾಲು ಉಕ್ಕಿದರೂ ಕಾಣುವುದಿಲ್ಲ.

ಈ ಸಿನಿಮಾ ಕೆಲಸ ಬಿಡುವವರೆಗೆ ಮನೆಗೆ ಬರಬೇಡ ಎಂದಿದ್ದೆ. ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಆದರೆ ಎರಡನೇ ಭಾಗ ಬರೆಯುತ್ತಿದ್ದೀಯಂತೆ. ಆ ತಾಯಿಯನ್ನು ಮೇಲೆ ಕರೆತರುವುದು ಹೇಗೆಂದು ತಿಳಿಯದಿದ್ದರೆ ಭಾನುವಾರ ಊಟಕ್ಕೆ ಬಾ. ಹೇಳಿಕೊಡುತ್ತೇನೆ.

ಇನ್ನೂ ಗಟ್ಟಿಯಾಗಿರುವ,
ನಿನ್ನ ಅಮ್ಮ