ಯಾವ ಮಂದಿ ನೀವು?

ಅಪ್ಪಾ,

ಇವತ್ತು ಮುಂಜಾನೆ ತಮ್ಮ ಜಗದೇವ ಬೈಕಿನಲ್ಲಿ ನನ್ನನ್ನು ಕಾನೂನು ಪರೀಕ್ಷೆಗೆ ಬಿಡಲು ಹೊರಟಿದ್ದ. ಹವಳಗಾ ದಾಟಿದ ಮೇಲೆ ಪೊಲೀಸರು ತಡೆದರು. ನಮ್ಮ ಮುಂದಿದ್ದ ನಾಲ್ಕು ಬೈಕುಗಳನ್ನು ಲೈಸೆನ್ಸ್ ನೋಡಿ ಬಿಟ್ಟರು. ತಮ್ಮನ ಲೈಸೆನ್ಸಿನಲ್ಲಿ ನಮ್ಮ ಓಣಿಯ ಹೆಸರು ಓದಿದ ಜಮಾದಾರ ಗಾಡಿಯ ಕೀಲಿ ಕಿತ್ತುಕೊಂಡ.

"ಯಾವ ಮಂದಿ ನೀವು?"

"ಹರಣಶಿಕಾರಿ ರೀ," ಎಂದೆ.

"ಹಂಗಾರ ಕಳ್ಳರು. ನಿನ್ನೆ ಎಲ್ಲಿದ್ದಿ ಲೇ? ಗಾಡಿ ಯಾರ್ದು?"

ಜಗದೇವ ನನ್ನ ಮುಖ ನೋಡಿದ. ಉತ್ತರ ಕೊಡದಿರುವುದು ನಮ್ಮ ಹಕ್ಕು ಎಂದು ಓದಿದವಳು ನಾನು. ಆದರೂ ಅವನು ನಿನ್ನೆ ಯಾರ ಹೊಲದಲ್ಲಿ ಕಬ್ಬು ಕಡಿದ, ಎಲ್ಲಿ ಉಂಡ, ಎಷ್ಟೊತ್ತಿಗೆ ಮಲಗಿದ, ಎಲ್ಲವನ್ನೂ ಹೇಳಿದೆ. ಮಾತುಮಾತಿಗೂ 'ರೀ' ಹಚ್ಚಿದೆ.

"ಭಾಳ ಮಾತಾಡ್ತಿ. ಕಲಿತ ಕಳ್ಳರು ಹಿಂಗ ಮಾತಾಡ್ತಾರ," ಎಂದ ಜಮಾದಾರ, ಜಗದೇವನ ಫೋಟೋ ತೆಗೆದುಕೊಂಡ. ನಾಳೆ ಅವನೊಬ್ಬನೇ ಠಾಣೆಗೆ ಬರಬೇಕಂತೆ.

ಹೋದ ವರ್ಷ ಅದೇ ದಾರಿಯಲ್ಲಿ ತಡೆದಾಗ ನೀನು ಬಾಯಿ ಬಿಡಲಿಲ್ಲ. ಸುಮ್ಮನಿರು ಎಂದು ನಾನೇ ಹೇಳಿಕೊಟ್ಟಿದ್ದೆ. ಮೂರನೇ ದಿನ ಠಾಣೆಯಿಂದ ನಿನ್ನನ್ನು ಆಟೋದಲ್ಲಿ ತಂದು ಬಾಗಿಲಲ್ಲಿ ಇಳಿಸಿದರು. ತೆಳು ಅಂಗಿ ಬೆನ್ನಿನ ಲಾಠಿ ಬಾಸುಂಡೆಗಳಿಗೆ ಅಂಟಿಕೊಂಡಿತ್ತು. ಅವ್ವ ನಿನ್ನ ಬಾಯಿಗೆ ನೀರು ಬಿಡುವಾಗ ನಾನು ಹೊರಗೇ ನಿಂತಿದ್ದೆ.

ಇವತ್ತು ಪರೀಕ್ಷೆಗೆ ಹೋಗಲಿಲ್ಲ. ಮನೆಗೆ ಬಂದ ಮೇಲೆ ಜಗದೇವ ಕೇಳಿದ, "ಅಕ್ಕಾ, ನಾಳೆ ಹ್ಯಾಂಗ ಮಾಡ್ಲಿ? ಮಾತಾಡ್ಲೋ, ಸುಮ್ನಿರ್ಲೋ?"



"ಒಂದರ ಮ್ಯಾಲ ಒಂದು ಎರಡು ಅಂಗಿ ಹಾಕ್ಕೊಂಡು ಹೋಗು," ಎಂದೆ.