ದಯೆ ಎಂದು ಬರೆದದ್ದು

ಮಾರ್ಚ್ 4, ಸೋಮವಾರ. ಮಧ್ಯಾಹ್ನ 1:20

ಇವತ್ತೂ ತಡ. ಎರಡು ಬಸ್ ಬದಲಾಯಿಸಿ ಏದುಸಿರು ಬಿಡುತ್ತಾ ಬಂದೆ. ವಿಟ್‌ಕಾಂಬ್ ಮೇಡಂ ಗಡಿಯಾರ ನೋಡಿದರು, ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹೊಸ ಕೆಲಸ. ಹಳೇ ಸ್ಪ್ಯಾನಿಷ್ ಕರಾರುಪತ್ರ, 1871ನೇ ಇಸವಿಯದು. ಅರವತ್ತು ಪುಟದಲ್ಲಿ ನನ್ನ ಪಾಲಿಗೆ ನಾಲ್ಕು. ಯಾರದು, ಯಾವ ಕೇಸು — ಕೇಳಬಾರದು, ಅದು ಈ ಟ್ರಾನ್ಸ್‌ಲೇಷನ್ ಆಫೀಸಿನ ನಿಯಮ. ಪುಟದಲ್ಲಿ ಊರ ಹೆಸರೂ ಇಲ್ಲ. ಬರೀ ‘ಮೇಲಿನವರು’, ‘ಕೆಳಗಿನವರು’. ಶುಕ್ರವಾರದೊಳಗೆ ಇಂಗ್ಲಿಷ್ ಮಾಡಿ, ‘ಈ ಭಾಷೆಯನ್ನು ನಾನು ಪೂರ್ತಿ ಬಲ್ಲೆ’ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು.

ಚೆನ್ನಾಗಿ ಮಾಡಿದರೆ ಮೇಡಂ ಶಿಫಾರಸು ಪತ್ರ ಕೊಡುತ್ತಾರೆ. ಆ ಪತ್ರ ಇದ್ದರೆ ಸ್ಪೇನಿನ ಸಲಮಾಂಕಾದಲ್ಲಿ ಎರಡು ವರ್ಷ ಓದು. ಆಮೇಲೆ ಕೋರ್ಟಿನ ಭಾಷಾಂತರಕಾರಳು — ದೆಲ್ಫಿನಾ ಅರ್ಚುಲೇತಾ ಎಂದು ಬಾಗಿಲ ಮೇಲೆ ಹೆಸರು. ನಗಬೇಡ ದೆಲ್ಫಿನಾ.

ಅಪ್ಪ ಮಾತ್ರ ನಗುತ್ತಾರೆ. ಮನೇಲಿ ಆಡೋ ಭಾಷೆ ಕಲಿಯೋಕೆ ಸಮುದ್ರ ದಾಟಬೇಕಾ ಅಂತ. ನಮ್ಮದು ಸ್ಪ್ಯಾನಿಷ್ ಅಲ್ಲಪ್ಪ, ಸ್ಪ್ಯಾನಿಷಿನ ತುಕ್ಕು ಅಂದೆ. ಅದು ನನ್ನ ಮಾತಲ್ಲ, ಕಾಲೇಜಿನ ಸ್ಪ್ಯಾನಿಷ್ ಪ್ರೊಫೆಸರ್ ಉರ್ಕಿಹೋ ಅವರದು. ಮೊದಲ ವರ್ಷ ಕ್ಲಾಸಿನಲ್ಲಿ ನಾನು ‘ಆಸೀನಾ’ ಅಂದುಬಿಟ್ಟೆ — ನಮ್ಮೂರಲ್ಲಿ ‘ಹೀಗೆ’ ಅನ್ನಲು ಎಲ್ಲರೂ ಅನ್ನುವುದೇ ಅದು. ಮುನ್ನೂರು ವರ್ಷದ ಹಿಂದೆ ಹೂತದ್ದನ್ನು ಎಲ್ಲಿಂದ ಅಗೆದು ತಂದೆ ಎಂದು ಕೇಳಿದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ.

ಮಾರ್ಚ್ 7, ಗುರುವಾರ

ಮೂರು ಪುಟ ಮುಗಿಯಿತು. ಕಾಲುವೆ, ತೂಬು, ಬದು... ಎಲ್ಲ ನೀರಿನದೇ. ಒಂದು ಪದ ಮಾತ್ರ ಅರ್ಧ ದಿನ ತಿಂದಿತು — ಔಕ್ಸಿಲಿಯೊ. ‘ಮಳೆ ಕಡಿಮೆಯಾದ ವರ್ಷ ಕೆಳಗಿನವರಿಗೆ ಹತ್ತು ದಿನಕ್ಕೆ ಮೂರು ದಿನದ ಔಕ್ಸಿಲಿಯೊ.’

ಕೈ ತಾನೇ ‘ಪಾಳಿ’ ಎಂದು ಬರೆದುಬಿಟ್ಟಿತು. ಎಡುವಿಹೆನ್ ಅಜ್ಜಿ ಆ ಪದ ಆಡುವುದು ಆ ಅರ್ಥದಲ್ಲೇ. ‘ಇವತ್ತು ನಮ್ಮ ಔಕ್ಸಿಲಿಯೊ, ತೂಬು ತೆಗೀರಿ’ ಎಂದು, ನಾವು ರಜೆಗೆ ಊರಿಗೆ ಹೋದಾಗ, ಬೆಳಿಗ್ಗೆ ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸುತ್ತಿದ್ದಳು. ಬಿಸಿಲು ಏರುವ ಮುಂಚೆ ಮೆಣಸಿನಕಾಯಿ ಮಡಿಗೆ ನೀರು ಹೋಗಬೇಕು.

ಆಮೇಲೆ ಬರೆದದ್ದನ್ನು ಓದಿಕೊಂಡೆ. ಹಳ್ಳಿ ಮಾತನ್ನು ಕೋರ್ಟಿನ ಕಾಗದಕ್ಕೆ ಹಾಕುತ್ತಾರಾ! ಮೂರು ನಿಘಂಟು ತೆಗೆದೆ. ಮೂರರಲ್ಲೂ ನೆರವು, ಸಹಾಯ. ‘ಪಾಳಿ’ ಹೊಡೆದುಹಾಕಿದೆ. ‘ದಯೆಯಿಂದ ನೀಡುವ ನೆರವು’ ಎಂದು ಬರೆದೆ. ‘ದಯೆಯಿಂದ’ ಯಾವ ನಿಘಂಟಿನಲ್ಲೂ ಇರಲಿಲ್ಲ, ಓದಲು ಚೆನ್ನಾಗಿರಲಿ ಎಂದು ನಾನೇ ಸೇರಿಸಿದ್ದು.

ಮಾರ್ಚ್ 8, ಶುಕ್ರವಾರ

ಸಹಿ ಹಾಕಿ ಕೊಟ್ಟೆ. ಮೇಡಂ ಓದಿ ‘ಎಲಿಗೆಂಟ್’ ಅಂದರು. ಪತ್ರ ಗ್ಯಾರಂಟಿ. ಬಸ್ಸಿನಲ್ಲಿ ಒಬ್ಬಳೇ ಹಲ್ಲು ಕಿರಿಯುತ್ತಾ ಬಂದೆ, ಪಕ್ಕದವಳು ಜಾಗ ಬದಲಾಯಿಸಿದಳು.

ಮಾರ್ಚ್ 30, ಶನಿವಾರ. ಸಂಜೆ 4. ಚಿಕ್ಕಪ್ಪನ ಟ್ರಕ್ಕಿನೊಳಗೆ

ಈಗಲೇ ಬರೆಯಬೇಕು.

ಕಾಲುವೆ ಹೂಳೆತ್ತಲು ನಮ್ಮೂರು ಲೋಸ್ ಕಪುಲಿನೆಸ್‌ಗೆ ಬಂದೆ, ಪ್ರತಿ ವಸಂತದ ಹಾಗೆ. ಮನೆಗೊಂದು ಗುದ್ದಲಿ. ನಾನು ಬಂದಿದ್ದಕ್ಕೆ ಎಲ್ಲರಿಗೂ ಖುಷಿ. ‘ಸ್ಪೇನಿನ ರಾಣಿಗೂ ಗುದ್ದಲಿ ಹಿಡಿಯೋಕೆ ಬರುತ್ತಾ?’ ಎಂದು ರೇಗಿಸಿದರು. ಊಟದ ಹೊತ್ತಿಗೆ ಅಬುಂದಿಯೊ ಚಿಕ್ಕಪ್ಪ — ಈ ಕಾಲುವೆಯ ನೀರಗಂಟಿ ಅವರೇ — ಟ್ರಕ್ಕಿನ ಹಿಂದೆ ಹತ್ತಿ ನಿಂತರು. ಕೈಯಲ್ಲಿ ಕೋರ್ಟಿನ ಕಾಗದ.

ಮೇಲಿನ ಊರಿನವರ ಜಮೀನು ಕೊಂಡು ಕಟ್ಟುತ್ತಿರುವ ರೆಸಾರ್ಟಿನವರು ಕೇಸು ಹಾಕಿದ್ದಾರಂತೆ. ಕೆಳಗಿನ ಊರಿಗೆ ಬರಗಾಲದ ನೀರಿನ ಮೇಲೆ ಹಕ್ಕೇ ಇಲ್ಲ, ಮೇಲಿನವರು ಕರುಣೆಯಿಂದ ಬಿಡುತ್ತಿದ್ದರು ಅಷ್ಟೆ. ಬಿಡುವುದು ನಿಲ್ಲಿಸಲೂಬಹುದು. ಅದಕ್ಕೆ ಸಾಕ್ಷಿ ನಮ್ಮದೇ ಹಿರಿಯರ ಕರಾರುಪತ್ರ.

ಚಿಕ್ಕಪ್ಪ ಕನ್ನಡಕ ಏರಿಸಿ ಇಂಗ್ಲಿಷಿನಲ್ಲಿ ಓದಿದರು. ಹತ್ತು ದಿನಕ್ಕೆ ಮೂರು ದಿನ. ದಯೆಯಿಂದ ನೀಡುವ ನೆರವು.

ನನ್ನ ವಾಕ್ಯ. ಕಾಮಾ ಕೂಡ ನನ್ನದು.

ಯಾವ ಮುಂಡೇಗಂಡ ಬರೆದದ್ದಿದು ಎಂದು ಯಾರೋ ಕೂಗಿದರು. ಚಿಕ್ಕಪ್ಪ ಪುಟದ ಕೆಳಗೆ ಬೆರಳಿಟ್ಟು, ಯೋಚನೆ ಮಾಡದೆ, ಗಟ್ಟಿಯಾಗಿ ಓದಿಬಿಟ್ಟರು. ‘ಡಿ. ಅರ್ಚುಲೇತಾ.’ ಓದಿದ ಮೇಲೆ ಅವರಿಗೇ ಗೊತ್ತಾಯಿತು. ತೆರೆದ ಬಾಯಿ ಮುಚ್ಚಲೇ ಇಲ್ಲ.

ನಲವತ್ತು ಜನ. ಒಬ್ಬರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಗುದ್ದಲಿ ಎತ್ತಿಕೊಂಡು ಕಾಲುವೆಗೆ ಇಳಿದರು.

ಮಾರ್ಚ್ 31, ಭಾನುವಾರ

ಅಜ್ಜಿ ಪೊಸೋಲೆ ಬಡಿಸಿದಳು. ಜೋಳ, ಹಂದಿ ಮಾಂಸ, ಕೆಂಪು ಮೆಣಸಿನಕಾಯಿ ಸಾರು — ನನಗಿಷ್ಟ ಅಂತಲೇ ಮಾಡಿದ್ದು. ಬಟ್ಟಲು ಪಕ್ಕಕ್ಕೆ ಸರಿಸಿದೆ.

ಕೇಳಿದಳು. ‘ನಮ್ಮೂರಿನ ಕಾಗದ ಅಂತ ಗೊತ್ತಿರ್ಲಿಲ್ಲ, ಅಲ್ವೇನೇ?’

ಇರಲಿಲ್ಲ ಅಂದೆ. ಅದು ನಿಜ.

‘ಆ ಮಾತಿನ ಅರ್ಥವೂ ಗೊತ್ತಿರ್ಲಿಲ್ಲ, ಅಲ್ವಾ?’

ಇರಲಿಲ್ಲ ಅಂದೆ. ಅದು ಸುಳ್ಳು.

ಅಷ್ಟು ಸಾಕಾಯಿತು ಅವಳಿಗೆ. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಹೊರಗೆ ಬಂದವರಿಗೆಲ್ಲ ಹೇಳಿದಳು — ಮಗು ಸಿಟಿಯಲ್ಲಿ ಬೆಳೆದದ್ದು, ನಮ್ಮ ಮಾತು ಗೊತ್ತಿಲ್ಲ, ಅದರ ಮೇಲೆ ಸಿಟ್ಟು ಮಾಡ್ಕೋಬೇಡಿ. ಎಂಬತ್ತೆರಡು ವರ್ಷದವಳು ನನಗೋಸ್ಕರ ಊರ ಮುಂದೆ ಸೆರಗೊಡ್ಡಿದ ಹಾಗೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಏಪ್ರಿಲ್ 9, ಮಂಗಳವಾರ

ಸಲಮಾಂಕಾದಿಂದ ಮೇಲ್. ಆಯ್ಕೆಯಾಗಿದ್ದೇನೆ! ಶಿಫಾರಸು ಪತ್ರ ಮೇ 15ರೊಳಗೆ ತಲುಪಬೇಕು, ಅಷ್ಟೆ. ಎರಡು ತಿಂಗಳ ಹಿಂದೆ ಬಂದಿದ್ದರೆ ಕುಣಿಯುತ್ತಿದ್ದೆ.

ಮೇಡಂ ಹತ್ತಿರ ಹೋದೆ. ಒಂದು ಪದ ತಪ್ಪಾಗಿದೆ, ತಿದ್ದಬೇಕು ಅಂದೆ. ಫೈಲು ಮುಚ್ಚಿದರು. ತಣ್ಣಗಿನ ದನಿ. ‘ಭಾಷೆ ಬರುತ್ತೆ ಅಂತ ಪ್ರಮಾಣ ಮಾಡಿ ಸಹಿ ಹಾಕಿದೀಯ. ಈಗ ತಪ್ಪು ಅಂದ್ರೆ ಎರಡೇ ಅರ್ಥ. ಬರದೇ ಹಾಕಿದೆ, ಇಲ್ಲಾ ಬಂದೂ ತಪ್ಪು ಬರೆದೆ. ಯಾವುದಕ್ಕೆ ನಾನು ಶಿಫಾರಸು ಕೊಡಲಿ?’

ಉರ್ಕಿಹೋ ಅವರ ಹತ್ತಿರವೂ ಹೋದೆ. ನಿಘಂಟು ನಿನ್ನ ಪರವಾಗಿದೆ, ಹೆದರಬೇಡ ಎಂದು ಬೆನ್ನು ತಟ್ಟಿದರು. ಒಂದು ಊರು ತಪ್ಪಾಗಿ ಹೇಳಿದ ಮಾತ್ರಕ್ಕೆ ಅದೇ ಅರ್ಥವಾಗುತ್ತದೆಯೇ ಅಂದರು. ಮೂರು ವರ್ಷ ಈ ಮನುಷ್ಯನ ಹಾಗೆ ಮಾತಾಡಬೇಕು ಎಂದು ಬಾಯಿ ತಿರುಗಿಸಿ ಅಭ್ಯಾಸ ಮಾಡಿದ್ದೆ.

ಏಪ್ರಿಲ್ 26

ಚಿಕ್ಕಪ್ಪನ ಫೋನು, ನಾಲ್ಕನೇ ಸಲ. ಎತ್ತಲಿಲ್ಲ.

ಮೇ 6, ಸೋಮವಾರ

ಎತ್ತಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬೆಟ್ಟದ ಮೇಲೆ ಕಾಲುವೆ ತುಂಬಿಸುವ ಹಿಮ ಈ ವರ್ಷ ಅರ್ಧಕ್ಕರ್ಧ, ಜೂನಿಗೇ ಪಾಳಿ ಶುರುವಾಗಬೇಕು, ಕೇಸು ಸೋತರೆ ಕೆಳಗೆ ಒಂದು ಸೇಬಿನ ಮರವೂ ಉಳಿಯಲ್ಲ ಅಂದರು. ಹದಿನಾಲ್ಕಕ್ಕೆ ವಿಚಾರಣೆ. ‘ನೀನು ಬಂದು ಏನು ಹೇಳ್ತೀಯೋ ಅದು ನಿನಗೆ ಬಿಟ್ಟದ್ದು. ಬಾ ಅಂತ ಅಷ್ಟೇ ಹೇಳ್ತಿದೀನಿ, ಮಗಳೇ.’

ಮೇ 14, ಮಂಗಳವಾರ. ಬೆಳಿಗ್ಗೆ 11:40. ಕೋರ್ಟಿನ ಕಾರಿಡಾರ್

ಹೇಳಿಬಿಟ್ಟೆ.

ಮೊದಲು ಪಾಳಿ ಎಂದೇ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ ಅಂದೆ. ರೆಸಾರ್ಟಿನ ವಕೀಲ ಕೊಕ್ಕರೆಯ ಹಾಗೆ ಕತ್ತು ಚಾಚಿದ. ಹಾಗಾದರೆ ಅರ್ಥ ಗೊತ್ತಿರಲಿಲ್ಲವೋ ಎಂದು ಕೇಳಿದ. ತಪ್ಪಿಸಿಕೊಳ್ಳಲು ಬಾಗಿಲು ತೆರೆದುಕೊಟ್ಟಂತೆ. ಗೊತ್ತಿರಲಿಲ್ಲ ಅಂದರೆ ಅಜ್ಜಿಗೆ ಹೇಳಿದ ಸುಳ್ಳೂ ಉಳಿಯುತ್ತಿತ್ತು.

ಗೊತ್ತಿತ್ತು ಅಂದೆ.

‘ಮತ್ತೆ ಯಾಕೆ ಹೊಡೆದುಹಾಕಿದ್ರಿ?’

‘ನಮ್ಮಜ್ಜಿ ಆಡೋ ಮಾತು ಅಂತ. ನಾಚಿಕೆಯಾಯ್ತು.’

ನಾನು ಅಜ್ಜಿಯ ಕಡೆ ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಮೇಡಂ ಎದ್ದು ಹೊರಗೆ ಹೋದ ಸದ್ದು ಮಾತ್ರ ಕೇಳಿಸಿತು. ಸಲಮಾಂಕಾ ಹೋಯಿತು. ಹೊಟ್ಟೆ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.

ಊಟದ ನಂತರ ಅಜ್ಜಿಯ ಸಾಕ್ಷಿ. ನಮ್ಮ ವಕೀಲೆ ಬೆವರುತ್ತಿದ್ದಾರೆ. ಒಂದು ಸಹಿ ಹಾಕಿ ಇನ್ನೊಂದು ಹೇಳುವವಳ ಮಾತು ನ್ಯಾಯಾಧೀಶರು ನಂಬುತ್ತಾರೋ ಇಲ್ಲವೋ.

ಅದೇ ದಿನ. 3:10

ಎಲ್ಲರಿಗಿಂತ ಮೊದಲು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೇನೆ.

ಅಜ್ಜಿಗೆ ಕೋರ್ಟಿನವರೇ ಒಬ್ಬ ದುಭಾಷಿ ಕೊಟ್ಟರು. ಟೈ, ಬ್ಯಾಡ್ಜು, ಸಲಮಾಂಕಾದ ಉಚ್ಚಾರ — ನಾನು ಆಗಬೇಕೆಂದಿದ್ದವನೇ ಎದುರಿಗೆ. ಅಜ್ಜಿ ಮೆಲ್ಲಗೆ ಹೇಳುತ್ತಾ ಹೋದಳು. ಅವಳ ಅಮ್ಮನ ಕಾಲ, ಬರ ಬಂದ ವರ್ಷ, ತೂಬಿನ ಹತ್ತಿರ ಯಾರು ಯಾವ ದಿನ ನಿಲ್ಲುತ್ತಿದ್ದರು. ‘ಅದು ನಮ್ಮ ಔಕ್ಸಿಲಿಯೊ’ ಅಂದಳು. ಅವನು ಒಂದು ಕ್ಷಣವೂ ತಡವರಿಸದೆ ಇಂಗ್ಲಿಷಿಗೆ ತಿರುಗಿಸಿದ — ಅದು ನಮಗೆ ಸಿಗುತ್ತಿದ್ದ ನೆರವು.

‘ಪಾಳಿ’ ಎಂದು ನನ್ನ ಬಾಯಿಗೆ ಬಂತು. ಆದರೆ ನಾನು ಎದ್ದು ತಿದ್ದುವ ಹಾಗಿಲ್ಲ. ಯಾವ ಮುಖ ಇಟ್ಟುಕೊಂಡು?

ಅಜ್ಜಿ ದುಭಾಷಿಯ ತೋಳು ಹಿಡಿದು ನಿಲ್ಲಿಸಿದಳು. ನ್ಯಾಯಾಧೀಶರ ಕಡೆ ತಿರುಗಿದಳು. ಇಂಗ್ಲಿಷಿನಲ್ಲಿ ಮಾತಾಡಿದಳು.

ಇಂಗ್ಲಿಷಿನಲ್ಲಿ! ಇಪ್ಪತ್ತೊಂದು ವರ್ಷದಲ್ಲಿ ಅವಳ ಬಾಯಿಂದ ಒಂದು ಇಂಗ್ಲಿಷ್ ಮಾತು ನಾನು ಕೇಳಿಲ್ಲ. ಅಪ್ಪನೂ ಕೇಳಿಲ್ಲವಂತೆ. ಚಿಕ್ಕಪ್ಪನ ಕೈಯಿಂದ ಟೋಪಿ ಕೆಳಗೆ ಬಿತ್ತು.

‘ನೆರವಲ್ಲ. ದಯೆನೂ ಅಲ್ಲ. ಪಾಳಿ. ಅವರದ್ದು ಏಳು ದಿನ, ನಮ್ಮದು ಮೂರು ದಿನ. ಯಾರೂ ಯಾರಿಗೂ ಕೊಟ್ಟಿದ್ದಲ್ಲ.’

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ನಿಮಗೆ ಇಂಗ್ಲಿಷ್ ಬರುತ್ತಲ್ಲ ಅಮ್ಮ, ದುಭಾಷಿ ಯಾಕೆ ಕೇಳಿದಿರಿ ಎಂದರು.

‘ಶಾಲೇಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಟೀಚರು ಬಾಯಿಗೆ ಸೋಪು ಹಾಕಿ ತೊಳೆದರು. ಆಗ ಎಂಟು ವರ್ಷ ನನಗೆ. ಇಂಗ್ಲಿಷ್ ಎಲ್ಲಾ ಕಲಿತೆ. ಆದರೆ ಆಡಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದೆ.’ ನನ್ನ ಕಡೆ ಬೆರಳು ತೋರಿಸಿದಳು. ‘ಇವತ್ತು ನನ್ನ ಮೊಮ್ಮಗಳು ಇಲ್ಲೇ ನಿಂತು ನಾಚಿಕೆಯಾಯ್ತು ಅಂದಳು. ಸೋಪು ಹಾಕಿದ್ದು ನನ್ನ ಬಾಯಿಗೆ ಮಾತ್ರ ಅಂದ್ಕೊಂಡಿದ್ದೆ.’

ತೀರ್ಪು ಇವತ್ತಿಲ್ಲ. ಮುಂದಿನ ತಿಂಗಳು.

ಬಾಗಿಲು ತೆರೆಯಿತು. ಅಜ್ಜಿ ಬರುತ್ತಿದ್ದಾಳೆ, ನೇರ ನನ್ನ ಕಡೆಗೇ. ಮೊದಲ ಮಾತು ಯಾವ ಭಾಷೆಯಲ್ಲಿ ಆಡಲಿ ನಾನು —